ಬಿಳಿಯಕ್ಕನ ತಂತಿಯ ಇನ್ನೊಂದು ತುದಿ

ಬಿಳಿಯಕ್ಕ ಹುಟ್ಟಾ ಬೆಳ್ಳಗಿದ್ದವಳಲ್ಲ. ಸ್ನಾನ ಮಾಡಿ ಬಂದ ಮೇಲೆ ಸ್ವಲ್ಪ ಹೊತ್ತು ಈಗಲೂ ಅವಳದು ಒಳ್ಳೆಯ ಕಾಫಿಪುಡಿಯ ಬಣ್ಣವೇ. ಆಮೇಲೆ ವರ್ಕ್‌ಶಾಪಿನ ಬಾಗಿಲು ತೆರೆಯುತ್ತಾಳೆ. ತೆರೆದದ್ದೇ ತಡ, ಥರ್ಮಾಕೋಲಿನ ಸಾಸಿವೆ ಗಾತ್ರದ ಮಣಿಗಳು ಊಟದ ಹೊತ್ತಿಗೆ ಸರಿಯಾಗಿ ಬಂದಿಳಿಯುವ ನೆಂಟರ ಹಾಗೆ ಎದ್ದುಬಂದು ತಲೆಗೂದಲು, ಹುಬ್ಬು, ಕಿವಿ, ಬಟ್ಟೆಯ ಮಡಿಕೆ ಎಲ್ಲೆಂದರಲ್ಲಿ ಠಿಕಾಣಿ ಹೂಡುತ್ತವೆ. ಊದಿದರೆ ಹೋಗುವುದಿಲ್ಲ. ಕೊಡವಿದರೆ ಇನ್ನೂ ನಾಲ್ಕನ್ನು ಕರೆದುಕೊಂಡು ಬರುತ್ತವೆ. ಹೀಗಾಗಿ ಇಡೀ ಬೀದಿಗೆ ಅವಳು ಬಿಳಿಯಕ್ಕ. ಅವಳ ನಿಜವಾದ ಹೆಸರು ಪಡಿತರ ಅಂಗಡಿಯವನಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿಲ್ಲ.

ಊರಿನಲ್ಲಿ ಯಾವುದು ಇರಬೇಕಾದದ್ದಕ್ಕಿಂತ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೋ ಅದು ಬಿಳಿಯಕ್ಕನ ಕೈಕೆಲಸ ಎಂದು ತಿಳಿಯಬೇಕು. ಪುಢಾರಿಗಳ ಮಾತು ಬೇರೆ. ಹಲ್ಲಿನ ಡಾಕ್ಟರ ಬಾಗಿಲ ಮೇಲೆ ಬೀರುವಿನಷ್ಟು ದೊಡ್ಡ ದವಡೆಹಲ್ಲು, ಕನ್ನಡಕದಂಗಡಿಯ ಮೇಲೆ ಆನೆಗೂ ಸಡಿಲವಾಗುವ ಕನ್ನಡಕ, ದರ್ಜಿಯ ಅಂಗಡಿಯ ಗೋಡೆಯಲ್ಲಿ ರಸ್ತೆಯನ್ನೇ ಎರಡು ಮಾಡುವಂಥ ಕತ್ತರಿ, ಎಲ್ಲ ಅವಳದೇ. ಗಾಳಿ ಬಂದಾಗ ಎತ್ತಿ ಒಳಗಿಡಲು ಒಬ್ಬರೇ ಸಾಕು. ಇಷ್ಟು ದೊಡ್ಡವರಾಗಿ ಇಷ್ಟು ಹಗುರವಾಗಿರುವುದು ಮನುಷ್ಯರಿಗೆ ಸಾಧ್ಯವಿಲ್ಲ.

ಈ ಸಾಮ್ರಾಜ್ಯ ಹುಟ್ಟಿದ್ದು ಒಂದು ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯಿಂದ. ಬಿಳಿಯಕ್ಕನ ಗಂಡ ಬ್ರಷ್ಷಿನಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವನು. ಅಚ್ಚು ಹಾಕಿದ ಫ್ಲೆಕ್ಸು ಬಂದು ಅವನ ಬ್ರಷ್ಷುಗಳು ಒಣಗಿದವು. ಅವನು ಹರಳೆಣ್ಣೆ ಕುಡಿದವನ ಮುಖ ಹಾಕಿಕೊಂಡು ಕಟ್ಟೆಯ ಮೇಲೆ ಕೂತ. ಆಗ ಪಕ್ಕದ ಮನೆಗೆ ಫ್ರಿಜ್ಜು ಬಂತು, ಅದರ ಸುತ್ತ ಇಟ್ಟಿದ್ದ ಥರ್ಮಾಕೋಲು ತಿಪ್ಪೆಗೆ ಬಂತು. ಬಿಳಿಯಕ್ಕ ಅದನ್ನೆತ್ತಿ ತಂದು, ಅಡುಗೆಮನೆಯ ಚಾಕು ಕಾಯಿಸಿ ಒಂದು ಮೂಲೆಗೆ ಒತ್ತಿದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಚಾಕು ಇಳಿಯಿತು. ಸಂಜೆಯೊಳಗೆ ಬೀದಿಯ ಚಮ್ಮಾರನಿಗೆ ಒಂದು ಭಾರಿ ಬೂಟು ತಯಾರಾಯಿತು. ಗಂಡ ಹುರುಪಿನಿಂದ ಎದ್ದುಬಂದು, ಮನೆಯಲ್ಲಿ ಉಳಿದಿದ್ದ ಥಿನ್ನರ್ ಕಲಸಿದ ಬಣ್ಣ ಬಳಿದ. ಬಳಿದಲ್ಲೆಲ್ಲ ಬೂಟು ಕರಗಿ ಸಿಡುಬಿನ ಕಲೆಯಂಥ ಕುಳಿಗಳೆದ್ದವು. ‘ಬೂಟು ಮಾಡೋಕೆ ಹೇಳಿದ್ದು, ಇದು ಇಲಿ ತಿಂದಿರೋ ಬೂಟು,’ ಎಂದ ಚಮ್ಮಾರ. ‘ರಿಪೇರಿ ಅಂಗಡಿ ತಾನೆ, ಹೊಂದುತ್ತೆ,’ ಎಂದಳು ಬಿಳಿಯಕ್ಕ. ಚಮ್ಮಾರ ಯೋಚಿಸಿ ನೋಡಿ, ಹೌದಲ್ಲ ಎಂದು ತೆಗೆದುಕೊಂಡು ಹೋದ. ಅಂದಿನಿಂದ ಆ ಮನೆಯಲ್ಲಿ ನೀರಿನ ಬಣ್ಣ ಮಾತ್ರ.

ಚಾಕು ಹೋಗಿ, ಕರೆಂಟಿನಲ್ಲಿ ಕಾಯುವ ಬಿಸಿ ತಂತಿ ಬಂತು. ಕೆಲಸ ಬೆಳೆದ ಹಾಗೆ ತಂತಿಯೂ ಬೆಳೆಯಿತು, ಒಬ್ಬರ ಕೈಗೆ ಸಿಗದಷ್ಟಾಯಿತು. ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಾದರು. ಗಂಡನನ್ನು ನಿಲ್ಲಿಸಿ ನೋಡಿದಳು. ಅವನು ಅರ್ಧದಾರಿಯಲ್ಲಿ ‘ಇದಕ್ಕೆ ತಿಳಿನೀಲಿ ಚೆನ್ನಾಗಿರುತ್ತಾ?’ ಎಂದು ಚಿಂತೆಗೆ ಬಿದ್ದು ನಿಂತುಬಿಟ್ಟ. ಬಿಸಿ ತಂತಿ ನಿಂತಲ್ಲಿ ಸುಮ್ಮನಿರುವುದಿಲ್ಲ. ಕರಗಿಸುತ್ತಲೇ ಇರುತ್ತದೆ. ಬಾವಿಯಂಥ ಗುಂಡಿ ಬಿತ್ತು. ‘ನಿಂತರೆ ಗುಂಡಿ’ ಎಂಬುದು ಅಂದಿನಿಂದ ಬಿಳಿಯಕ್ಕನ ರಾಜಶಾಸನವಾಯಿತು. ಗಂಡನಿಗೆ ಸ್ವಿಚ್ಚು ಹಾಕುವ, ಆರಿಸುವ ಪದವಿ ಕೊಟ್ಟು, ಅವನ ತಂಗಿಯನ್ನು ತುದಿಗೆ ನಿಲ್ಲಿಸಿದಳು.

ತಂಗಿ ಎಂದರೆ ಚೂಟಿ. ಚಿಕ್ಕಂದಿನಲ್ಲಿ ಬಿದ್ದ ಹೆಸರು, ಮೂವತ್ತು ದಾಟಿದರೂ ಬಿಟ್ಟಿಲ್ಲ, ಬಿಡುವ ಕಾರಣವನ್ನು ಅವಳೂ ಕೊಟ್ಟಿಲ್ಲ. ಮಹಡಿಯ ಕೋಣೆ ಅವಳದು. ಮದುವೆಯ ಮಾತೆತ್ತಿದವರಿಗೆಲ್ಲ ‘ನೀವು ಮಾಡಿಕೊಂಡು ಸುಖವಾಗಿದ್ದೀರಾ?’ ಎಂದು ಕೇಳಿ, ಅವರು ಉತ್ತರ ಹುಡುಕುವುದರೊಳಗೆ ಮಹಡಿ ಹತ್ತಿರುತ್ತಿದ್ದಳು.

ಅತ್ತಿಗೆ, ನಾದಿನಿ ಒಂದೇ ತಂತಿಯ ಎರಡು ತುದಿ ಹಿಡಿಯುವುದು ಎಂದರೆ ಏನೆಂದು ಸ್ವಲ್ಪ ಹೇಳಬೇಕು. ಥರ್ಮಾಕೋಲಿನ ದಿಮ್ಮಿಯ ಎರಡೂ ಕೊನೆಗೆ ಒಂದೇ ಆಕಾರದ ಪ್ಲೈವುಡ್ ಅಚ್ಚುಗಳನ್ನು ಚುಚ್ಚಿ ನಿಲ್ಲಿಸುತ್ತಾರೆ. ಅಚ್ಚಿನ ಅಂಚಿನುದ್ದಕ್ಕೂ ಒಂದು, ಎರಡು, ಮೂರು ಎಂದು ಗುರುತು. ಇಬ್ಬರೂ ತಂತಿಯನ್ನು ಅಂಚಿನ ಮೇಲೆ ಜಾರಿಸುತ್ತ ಹೋಗುತ್ತಾರೆ. ಒಬ್ಬರು ಸಂಖ್ಯೆ ಕೂಗಬೇಕು, ಕೂಗಿದ ಹೊತ್ತಿಗೆ ಇನ್ನೊಬ್ಬರೂ ಅದೇ ಗುರುತಿನಲ್ಲಿರಬೇಕು. ಜೊತೆಗೆ ತಂತಿ ಸಡಿಲವಾಗದಂತೆ ಇಬ್ಬರೂ ತಂತಮ್ಮ ಕಡೆಗೆ ಎಳೆಯುತ್ತಲೇ ಇರಬೇಕು. ತಂತಮ್ಮ ಕಡೆಗೆ ಎಳೆಯುವುದನ್ನೇ ಕಸುಬು ಮಾಡಿಕೊಂಡು, ಅದರಿಂದಲೇ ಹೊಟ್ಟೆ ಹೊರೆದ ಅತ್ತಿಗೆ ನಾದಿನಿಯರು ಭೂಮಂಡಲದಲ್ಲಿ ಇವರಿಬ್ಬರೇ ಇರಬೇಕು. ಕೂಗುವ ಅಧಿಕಾರ ಮೊದಲಿನಿಂದಲೂ ಬಿಳಿಯಕ್ಕನದು. ಚೂಟಿಯದು ‘ಹ್ಞೂಂ’ ಅನ್ನುವ ಪಾಲು.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಬೇಕರಿಯವನ ಬ್ರೆಡ್ಡು ಬಂತು.

ಅವನಿಗೆ ಅಂಗಡಿಯ ಬಾಗಿಲ ಮೇಲೆ ಆ ತುದಿಯಿಂದ ಈ ತುದಿಗೆ ಮಲಗುವಂಥ ಬ್ರೆಡ್ಡು ಬೇಕಿತ್ತು. ಅಷ್ಟುದ್ದದ ದಿಮ್ಮಿಯನ್ನು ಇವರು ಅದುವರೆಗೆ ಕತ್ತರಿಸಿರಲಿಲ್ಲ. ತಂತಿಗೆ ತಂತಿ ಸೇರಿಸಿ ಉದ್ದ ಮಾಡಿಕೊಂಡರು. ಬಿಳಿಯಕ್ಕ ಎಂದಿನ ಹಾಗೆ ಬಿಡುವಿಲ್ಲದೆ ಕೂಗಿದಳು, ಚೂಟಿ ಬಿಡುವಿಲ್ಲದೆ ಹ್ಞೂಂಗುಟ್ಟಿದಳು, ಬ್ರೆಡ್ಡು ಹೊರಬಂತು. ಎರಡೂ ಕೊನೆಯಲ್ಲಿ ಗುಮ್ಮಟದಂತೆ ಉಬ್ಬಿತ್ತು. ನಡುವೆ ಮಾತ್ರ ತಗ್ಗು. ಬೇಕರಿಯವನು ಬಂದು, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೆಲ್ಲಗೆ ಕೇಳಿದ:

‘ಇದರ ಮೇಲೆ ಯಾರು ಕೂತಿದ್ರು?’

‘ಯಾರೂ ಕೂತಿಲ್ಲ,’ ಎಂದಳು ಬಿಳಿಯಕ್ಕ.

‘ಹಾಗಾದ್ರೆ ಮಲಗಿದ್ರಾ? ನನ್ನ ಜೀವಮಾನದಲ್ಲಿ ಒಂದು ಬ್ರೆಡ್ಡೂ ಹೀಗೆ ಕುಸಿದಿಲ್ಲ ಕಣಮ್ಮ. ಇದನ್ನ ಮೇಲಿಟ್ರೆ, ಯೀಸ್ಟ್ ಹಾಕೋದು ಮರೆತ ಅಂತ ಊರೆಲ್ಲ ನಗುತ್ತೆ.’

ಮರ್ಯಾದೆ ಮುಳುಗುವಾಗ ಮನುಷ್ಯರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಬಿಳಿಯಕ್ಕನ ಕೈಗೆ ನಾದಿನಿ ಸಿಕ್ಕಳು.

‘ಆ ತುದಿ ನಾನು ಹಿಡಿದಿರ್ಲಿಲ್ಲ,’ ಎಂದಳು.

ಚೂಟಿ ನಿಧಾನವಾಗಿ ತಿರುಗಿದಳು. ‘ಅಂದ್ರೆ?’

‘ಅಂದ್ರೆ ಏನಿಲ್ಲ. ಇದ್ದದ್ದು ಹೇಳಿದೆ.’

‘ಓಡೋ ಬಸ್ಸು ಹತ್ತೋರ ಹಾಗೆ ಒಂದೇ ಸಮ ಕೂಗಿದ್ದು ಯಾರು?’

‘ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ.’

ಬೇಕರಿಯವನು ‘ನಿಧಾನವಾಗಿ ಇನ್ನೊಂದು ಮಾಡಿಕೊಡಿ, ಅವಸರ ಇಲ್ಲ’ ಎಂದು ಹೇಳಿ ಹಿಂದೆ ನೋಡದೆ ಹೊರಟುಹೋದ. ಅವನು ಬುದ್ಧಿವಂತ.

ಕುಸಿದ ಬ್ರೆಡ್ಡು ಹಿತ್ತಲಿಗೆ ಹೋಯಿತು. ಬೀದಿಯ ಬೂದುಬಣ್ಣದ ಬೆಕ್ಕು ಬಂದು, ನಡುವಿನ ತಗ್ಗನ್ನು ಮೂಸಿ ನೋಡಿ, ತನಗಾಗಿಯೇ ಅಳತೆ ಕೊಟ್ಟು ಮಾಡಿಸಿದ್ದು ಎಂಬಂತೆ ಸುರುಳಿ ಸುತ್ತಿ ಮಲಗಿತು. ಆ ಬ್ರೆಡ್ಡಿನಿಂದ ಸುಖಪಟ್ಟ ಜೀವ ಅದೊಂದೇ.

ಮನೆಯಲ್ಲಿ ಮಾತು ನಿಂತಿತು. ಕೆಲಸ ನಿಲ್ಲುವಂತಿರಲಿಲ್ಲ. ಆದ್ದರಿಂದ ಅತ್ತಿಗೆ ನಾದಿನಿಯರ ನಡುವೆ ಉಳಿದದ್ದು ಬರೀ ಸಂಖ್ಯೆ. ಸಂಖ್ಯೆಯಲ್ಲಿ ಎಷ್ಟು ಬೈಗುಳ ಹಿಡಿಯುತ್ತದೆ ಎಂಬುದು ಆಗ ಬೀದಿಗೆ ಗೊತ್ತಾಯಿತು. ‘ಹನ್ನೊಂದು’ ಎಂದರೆ ‘ಕೊಬ್ಬು ನೋಡು ಇವಳದು’ ಎಂದು ಕೇಳುತ್ತಿತ್ತು. ‘ಹ್ಞೂಂ’ ಎಂದರೆ ‘ನಿಮ್ಮಷ್ಟಿಲ್ಲ’ ಎಂದು. ಎದುರು ಅಂಗಡಿಯ ದರ್ಜಿ ಮಧ್ಯಾಹ್ನ ಚಹಾ ಕುಡಿಯುತ್ತ, ‘ಇವತ್ತಿನ ಹದಿನೆಂಟು ಸ್ವಲ್ಪ ಖಾರ ಇತ್ತು’ ಎಂದು ವರದಿ ಒಪ್ಪಿಸುತ್ತಿದ್ದ.

ಸಂಖ್ಯೆಗೆ ಸಿಗದ ವಿಷಯಗಳಿಗೆ ಚೂಟಿಯ ಅಣ್ಣ ರಾಯಭಾರಿಯಾದ. ಮೂವರೂ ಒಂದೇ ಊಟದ ಮೇಜಿನ ಸುತ್ತ, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

‘ರೀ, ನಿಮ್ಮ ತಂಗಿಗೆ ಹೇಳಿ, ಊಟ ಆರಿ ಹೋಗ್ತಿದೆ.’

‘ಅಣ್ಣ, ನಿನ್ನ ಹೆಂಡತಿಗೆ ಹೇಳು, ನನಗೆ ಹಸಿವಿಲ್ಲ.’

‘ಹಟಕ್ಕೆ ಹೊಟ್ಟೆ ತುಂಬಲ್ಲ ಅಂತ ಹೇಳ್ರೀ.’

‘ನಿಮ್ಮತ್ತಿಗೆ ಪ್ರೀತಿಯಿಂದ ಊಟ ಮಾಡು ಅಂತಿದ್ದಾಳೆ,’ ಎಂದು ಅವನು ತರ್ಜುಮೆ ಮಾಡುತ್ತಿದ್ದ. ಇಬ್ಬರೂ ಮೂಲವನ್ನು ತಮ್ಮ ಕಿವಿಯಾರೆ ಕೇಳಿಸಿಕೊಂಡಿದ್ದರಿಂದ ಅವನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತಿತ್ತು. ಮೇಜಿನ ಫ್ಯಾನಿನ ಹಾಗೆ ಅತ್ತಿತ್ತ ತಿರುಗಿ ತಿರುಗಿ ಅವನ ಕುತ್ತಿಗೆ ಉಳುಕಿತು.

ಒಂದು ದಿನ ಚೂಟಿ ಅದೇ ಮೇಜಿನಲ್ಲಿ ಹೇಳಿದಳು: ‘ಅಣ್ಣ, ನಿನ್ನ ಹೆಂಡತಿಗೆ ಹೇಳು. ದೊಡ್ಡ ರಸ್ತೆಯ ಮೇಲಿನ ವರ್ಕ್‌ಶಾಪಿನೋರು ಕರೆದಿದ್ದಾರೆ. ಅಲ್ಲಿ ತಂತಿಯನ್ನ ಯಂತ್ರಾನೇ ಎಳೆಯುತ್ತೆ. ಸೋಮವಾರದಿಂದ ಬಾ ಅಂದಿದ್ದಾರೆ. ಬುಧವಾರ ನೋಡ್ಕೊಂಡು ಬರ್ತೀನಿ.’

ರಾಯಭಾರಿಗೆ ಈ ಸಲ ತರ್ಜುಮೆ ಹೊಳೆಯಲಿಲ್ಲ.

‘ಒಳ್ಳೇದಾಯ್ತು ಅಂತ ಹೇಳ್ರೀ,’ ಎಂದಳು ಬಿಳಿಯಕ್ಕ. ಬಡಿಸುತ್ತಿದ್ದ ಸೌಟು ಮಾತ್ರ ಗಾಳಿಯಲ್ಲೇ ನಿಂತಿತು.

ಅವಳಿಗೆ ಕಂಡದ್ದು ಇನ್ನೊಂದು ತುದಿಯಲ್ಲಿ ಯಾರೂ ಇಲ್ಲದ ತಂತಿ. ಒಬ್ಬಳೇ ಆದರೆ ಇನ್ನು ಗೇಣುದ್ದದ ಅಕ್ಷರಗಳೇ ಗತಿ. ‘ತೆರೆದಿದೆ’, ‘ಮುಚ್ಚಿದೆ’, ‘ಚಪ್ಪಲಿ ಹೊರಗೆ ಬಿಡಿ’. ಆನೆಗೆ ಕನ್ನಡಕ ಮಾಡಿದವಳು ಚಪ್ಪಲಿ ಹೊರಗೆ ಬಿಡಿಸುತ್ತ ಕೂರಬೇಕು. ತಂತಿ ಬಿಟ್ಟವಳು ನಾಳೆ ಮಹಡಿಯ ಕೋಣೆಯನ್ನೂ ಬಿಟ್ಟಾಳು ಎಂಬುದನ್ನು ಅವಳು ಯೋಚಿಸಲು ಹೋಗಲಿಲ್ಲ. ‘ಹೋಗಬೇಡ’ ಎಂಬುದು ಸಣ್ಣ ಮಾತು. ಆದರೆ ಕೆಲವರ ಬಾಯಿಯಿಂದ ಅದು ಹೊರಡುವುದಕ್ಕಿಂತ ಒಂಟೆ ಹೊರಡುವುದು ಸುಲಭ.

ಅದೇ ವಾರ ನಾಟಕದ ಮೇಡಂ ಬಂದಳು. ಮಕ್ಕಳ ನಾಟಕಕ್ಕೆ ಅವಳಿಗೊಂದು ಸಮುದ್ರದ ಅಲೆ ಬೇಕಿತ್ತು. ರಂಗದ ಮೇಲೆ ಆಳೆತ್ತರ ಎದ್ದು, ತಲೆಯ ಹತ್ತಿರ ಮುಂದಕ್ಕೆ ಸುರುಳಿ ಬಾಗಿ, ಬ್ರೆಡ್ಡಿನಷ್ಟೇ ಉದ್ದವಾಗಿರಬೇಕು. ಅದರ ಹಿಂದೆ ಮಕ್ಕಳ ದೋಣಿ. ಆಟ ಭಾನುವಾರ. ‘ನೋಡಿದೋರಿಗೆ ಒದ್ದೆಯಾಗ್ತೀವಿ ಅನ್ನಿಸಬೇಕು,’ ಎಂದಳು ಮೇಡಂ. ಬಿಳಿಯಕ್ಕ ಮುಂಗಡವನ್ನೇನೋ ತೆಗೆದುಕೊಂಡಳು. ಆಮೇಲೆ ಉದ್ದದ ತಂತಿಯ ಎರಡೂ ತುದಿಯನ್ನು ನೋಡಿದಳು.

ಬುಧವಾರ ಮಧ್ಯಾಹ್ನ ಚೂಟಿ ಯಂತ್ರ ನೋಡಲು ಹೊರಟಳು. ಬಿಳಿಯಕ್ಕ ಒಬ್ಬಳೇ ಉಳಿದಳು. ಅಲೆಯ ಬುಡಕ್ಕೆ ಬಂಡೆಗಳಾದರೂ ಆಗಲಿ ಎಂದು ಹಿತ್ತಲಿನ ಬ್ರೆಡ್ಡನ್ನು ಒಳಗೆ ತಂದಳು. ಬೆಕ್ಕು ತಕರಾರು ಹೂಡಿತು. ಕೋರ್ಟು ಅದನ್ನು ವಜಾ ಮಾಡಿತು. ಮೇಜಿನ ಸಣ್ಣ ತಂತಿಯಲ್ಲಿ ಬ್ರೆಡ್ಡನ್ನು ಅಡ್ಡಡ್ಡಲಾಗಿ, ಬೇಕರಿಯವನೂ ಮೆಚ್ಚುವಂತೆ, ಚೂರು ಚೂರಾಗಿ ಕತ್ತರಿಸಿ ಸಾಲಾಗಿ ನಿಲ್ಲಿಸಿದಳು.

ಮೊಳೆಗೆ ನೇತುಹಾಕಿದ್ದ ಬ್ರೆಡ್ಡಿನ ಅಚ್ಚು ಕಣ್ಣಿಗೆ ಬಿತ್ತು. ಸುಮ್ಮನೆ ತೆಗೆದು, ಚೂಟಿ ಹಿಡಿದಿದ್ದ ತುದಿಯ ಚೂರಿನ ಮೇಲಿಟ್ಟಳು. ಕೂತಿತು. ಉಗುರು ಹೋಗುವ ಸಂದಿಲ್ಲ. ತಾನು ಹಿಡಿದಿದ್ದ ತುದಿಯ ಚೂರಿನ ಮೇಲಿಟ್ಟಳು. ಅಲ್ಲೂ ಕೂತಿತು, ಕೂದಲೆಳೆ ಹೆಚ್ಚುಕಡಿಮೆ. ನಡುವಿನ ಚೂರಿನ ಮೇಲಿಟ್ಟಾಗ ಮಾತ್ರ ಅಚ್ಚಿಗೂ ಬ್ರೆಡ್ಡಿಗೂ ನಡುವೆ ಅಂಗೈ ತೂರುವಷ್ಟು ಜಾಗ.

ಬಿಳಿಯಕ್ಕ ಕುಕ್ಕುರುಗಾಲಲ್ಲಿ ಕೂತುಬಿಟ್ಟಳು. ತಪ್ಪು ಈ ತುದಿಯಲ್ಲೂ ಇರಲಿಲ್ಲ, ಆ ತುದಿಯಲ್ಲೂ ಇರಲಿಲ್ಲ. ನಡುವಿನಲ್ಲಿತ್ತು. ಅಲ್ಲಿ ಕೈ ಇಟ್ಟವರು ಯಾರೂ ಇಲ್ಲ. ಎರಡು ತುದಿಯನ್ನೂ ಗಡಿಬಿಡಿಯಲ್ಲಿ ಎಳೆದಾಗ ಉದ್ದ ತಂತಿಯ ನಡುಭಾಗ ಬಿಲ್ಲಿನ ಹಾಗೆ ಬಗ್ಗಿ ಹಿಂದುಳಿದಿತ್ತು. ಹಿಂದುಳಿದದ್ದು, ಉಬ್ಬನ್ನು ಸುತ್ತಿ ಬರದೆ ಒಳದಾರಿ ಹಿಡಿದಿತ್ತು. ಯಾರೂ ಕೂತಿರಲಿಲ್ಲ, ಯಾರೂ ಮಲಗಿರಲಿಲ್ಲ. ಕೂಗಿದ್ದವಳು ಮಾತ್ರ ಅವಸರ ಮಾಡಿದ್ದಳು.

ಇಷ್ಟು ಸತ್ಯವನ್ನು ಒಬ್ಬಳೇ ಕೂತು ನುಂಗಿದವಳು, ಎದ್ದು ಮಾಡಿದ ಮೊದಲ ಕೆಲಸ ಇದು: ಉಪ್ಪುಕಾಗದ ತೆಗೆದುಕೊಂಡು, ತನ್ನ ತುದಿಯ ಚೂರಿನಲ್ಲಿದ್ದ ಕೂದಲೆಳೆ ವ್ಯತ್ಯಾಸವನ್ನು ಉಜ್ಜಿ ಸಮ ಮಾಡಿದಳು. ಸತ್ಯವಂತರಿಗೂ ಒಂದು ಮಿತಿ ಇರುತ್ತದೆ.

ಅತ್ತ ಚೂಟಿ ಯಂತ್ರದ ಮುಂದೆ ನಿಂತಿದ್ದಳು. ಕನ್ನಡಿಯಂಥ ನೆಲ, ಒಂದು ಮಣಿಯೂ ಹಾರದ ಗಾಳಿ. ಯಂತ್ರ ತನ್ನ ಪಾಡಿಗೆ ತಂತಿ ಎಳೆಯುತ್ತಿತ್ತು, ಎಳೆಯುತ್ತ ಎಳೆಯುತ್ತ ಪ್ರತಿ ತಿರುವಿನಲ್ಲೂ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಿತ್ತು.

‘ಕೆಟ್ಟಿದೆಯಾ?’ ಎಂದು ಕೇಳಿದಳು.

ಯಂತ್ರದವನು ನಕ್ಕ. ‘ಇಲ್ಲಮ್ಮ. ತುದಿಗಳು ಮೊದಲು ಬಂದುಬಿಡ್ತವೆ, ನಡು ತಡವಾಗಿ ಬರುತ್ತೆ. ಅದು ಬರೋವರೆಗೆ ಕಾಯುತ್ತೆ. ಜಾಸ್ತಿ ನಿಂತ್ರೆ ಗುಂಡಿ. ನಿಲ್ಲದೇ ಹೋದ್ರೆ ತಗ್ಗು.’

ಚೂಟಿಗೆ ಕುಸಿದ ಬ್ರೆಡ್ಡು ಕಣ್ಣಮುಂದೆ ಬಂತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ತನ್ನಷ್ಟಕ್ಕೆ ತಲೆಯಾಡಿಸುತ್ತ ಬಂದಳಂತೆ. ಪಕ್ಕದಲ್ಲಿದ್ದವರು ಜಾಗ ಬದಲಾಯಿಸಿದರಂತೆ.

ಗುರುವಾರ ಅಲೆಯ ದಿಮ್ಮಿ ಮೇಜೇರಿತು. ಎರಡೂ ಕೊನೆಗೆ ಸುರುಳಿಯ ಅಚ್ಚು ನಿಂತಿತು. ಅಣ್ಣ ಸ್ವಿಚ್ಚಿನ ಬಳಿ ಕಾವಲು ನಿಂತ. ತಂತಿ ಕಾದು ಸಣ್ಣಗೆ ಗುಂಯ್‌ಗುಟ್ಟಿತು. ಬಿಳಿಯಕ್ಕ ಒಂದು ಎಂದು ಕೂಗಬೇಕು. ಕೂಗಲಿಲ್ಲ.

‘ರೀ,’ ಎಂದಳು, ‘ನಿಮ್ಮ ತಂಗಿಗೆ ಹೇಳಿ, ಇವತ್ತು ಅವಳೇ ಕೂಗಲಿ. ನನ್ನ ಗಂಟಲು ಸರಿ ಇಲ್ಲ.’

ಅಂದು ಬೆಳಿಗ್ಗೆ ತಾನೇ ಆ ಗಂಟಲು ತರಕಾರಿಯವನ ಜೊತೆ ಮಾಡಿದ ಯುದ್ಧ ಮೂರು ಬೀದಿಗೆ ಕೇಳಿಸಿತ್ತು. ಅಣ್ಣ ಹೆಂಡತಿಯ ಮುಖ ನೋಡಿದ. ತಂಗಿಯ ಮುಖ ನೋಡಿದ. ಚೂಟಿ ತಂತಿಯ ಹಿಡಿಯನ್ನು ಎರಡೆರಡು ಸಲ ಸರಿಮಾಡಿಕೊಂಡಳು. ಸಿಂಹಾಸನ ಬೇಕು ಎಂದು ವರ್ಷಗಟ್ಟಲೆ ಹಂಬಲಿಸಿದವರಿಗೆ ಅದರ ಮೇಲೆ ಕೂರಿಸಿದಾಗ ಹೀಗೇ ಆಗುತ್ತದೆ.

‘ಒಂದು,’ ಎಂದಳು. ಇಲಿಮರಿಯ ದನಿ.

‘ಹ್ಞೂಂ,’ ಎಂದಳು ಬಿಳಿಯಕ್ಕ. ಅಷ್ಟು ವರ್ಷದಲ್ಲಿ ಅವಳು ಅಂದ ಮೊದಲ ಹ್ಞೂಂ.

‘ಎರಡು.’

‘ಹ್ಞೂಂ.’

ತಂತಿ ಅಲೆಯ ಬೆನ್ನೇರಿತು. ದನಿ ಗಟ್ಟಿಯಾಗುತ್ತ ಬಂತು. ಎದುರು ದರ್ಜಿ ಕಾಲು ನಿಲ್ಲಿಸಿ, ಹೊಲಿಗೆ ಯಂತ್ರದಿಂದ ತಲೆ ಎತ್ತಿದ: ರಾಜ್ಯ ಕೈ ಬದಲಾಗಿತ್ತು. ಸುರುಳಿಯ ತುತ್ತತುದಿ ಬಂತು. ಅಲ್ಲಿ ದಾರಿ ತಟ್ಟನೆ ಕೆಳಕ್ಕೆ ಹೊರಳುತ್ತದೆ.

‘ಹದಿನೇಳು.’

ಬಿಳಿಯಕ್ಕನ ಮಣಿಕಟ್ಟು, ನಿಂತರೆ ಗುಂಡಿ ಎಂಬ ಹಳೆಯ ಶಾಸನಕ್ಕೆ ತಲೆಬಾಗಿ, ಆಗಲೇ ಹೊರಳತೊಡಗಿತ್ತು.

‘ನಿಲ್ಲಿ ಅತ್ತಿಗೆ! ನಡು ಬರ್ಲಿ!’

ಬಿಳಿಯಕ್ಕ ನಿಂತಳು. ಉಸಿರನ್ನೂ ನಿಲ್ಲಿಸಿದಳು. ಹಿಡಿಯಲ್ಲಿ ಜಗ್ಗುತ್ತಿದ್ದ ತಂತಿ ಮೆಲ್ಲಮೆಲ್ಲನೆ ಜಗ್ಗುವುದನ್ನು ಬಿಟ್ಟು ಹಗುರವಾಯಿತು. ಒಳಗೆಲ್ಲೋ, ಕಣ್ಣಿಗೆ ಕಾಣದ ಕಡೆ, ಹಿಂದುಳಿದದ್ದು ಬಂದು ಸೇರಿಕೊಂಡಿತ್ತು.

‘ಬಂತಾ?’ ಎಂದಳು ಚೂಟಿ.

‘ಬಂತು ಕಣೇ.’

ಸ್ವಿಚ್ಚಿನ ಬಳಿಯಿಂದ ಅಣ್ಣ ಗಾಬರಿಯಲ್ಲಿ ಕೈಯೆತ್ತಿದ. ‘ಇದನ್ನ ನಾನು ಯಾರಿಗೆ ಹೇಳಬೇಕು?’

‘ನೀನು ಸುಮ್ನಿರಣ್ಣ!’

‘ನೀವು ಸುಮ್ನಿರ್ರೀ!’

ರಾಯಭಾರಿಯ ಕೆಲಸ ಹೋಯಿತು. ಅವನು ಉಳುಕಿದ ಕುತ್ತಿಗೆಯನ್ನು ಸವರಿಕೊಂಡ.

‘ಹದಿನೆಂಟು,’ ಎಂದಳು ಚೂಟಿ.

ಕೊನೆಯ ಗುರುತು ಮುಟ್ಟಿ, ಬೇಡದ ಭಾಗವನ್ನು ಎತ್ತಿ ಪಕ್ಕಕ್ಕಿಟ್ಟಾಗ ಅಲೆ ನಿಂತಿತ್ತು. ಚೂಟಿ ಉದ್ದದ ಕೋಲೊಂದನ್ನು ಅದರ ನೆತ್ತಿಯ ಮೇಲಿಟ್ಟಳು. ತುದಿಯಿಂದ ತುದಿಗೆ ಬೆಳಕು ತೂರಲು ಜಾಗವಿರಲಿಲ್ಲ. ಇಬ್ಬರೂ ಕೋಲನ್ನೇ ನೋಡುತ್ತ ನಿಂತರು, ಒಬ್ಬರನ್ನೊಬ್ಬರು ನೋಡುವುದಕ್ಕಿಂತ ಅದು ಸಲೀಸು.

ಆಮೇಲೆ ಬಿಳಿಯಕ್ಕ ಗೋಡೆಯ ಬಳಿಗೆ ಹೋಗಿ, ಬ್ರೆಡ್ಡಿನ ಚೂರುಗಳ ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿದಳು. ಚೂಟಿಯ ತುದಿಯ ಚೂರನ್ನೂ ಅಚ್ಚನ್ನೂ ಒಟ್ಟಿಗೆ ಅವಳ ಕೈಗಿಟ್ಟಳು.

‘ನಿನ್ನ ತುದಿ ಸರಿಯಾಗೇ ಇತ್ತು,’ ಎಂದಳು, ಕಿಟಕಿಯ ಕಡೆ ನೋಡಿಕೊಂಡು. ‘ನಾನು ಅಂದದ್ದು ತಪ್ಪು.’

ಚೂಟಿ ಅಚ್ಚಿಟ್ಟು ನೋಡಿದಳು. ಮೂಗು ಸೀಟಿಕೊಂಡಳು. ನಂತರ ಕೇಳಿದಳು, ‘ನಿಮ್ಮ ತುದಿ?’

‘ಅದೂ ಸರಿಯಾಗಿತ್ತು. ಬೇಕಾದ್ರೆ ನೋಡ್ಕೋ.’

ಚೂಟಿ ನೋಡಿದಳು. ಬೆರಳಾಡಿಸಿದಳು. ಬಿಸಿ ತಂತಿ ಕತ್ತರಿಸಿದ ಮೈ ಸಕ್ಕರೆ ಪಾಕದಂತೆ ಹೊಳೆಯುತ್ತದೆ. ಈ ಚೂರಿನ ಅಂಚು ಒಂದು ಕಡೆ ಮಂಕಾಗಿ ತರಿತರಿಯಾಗಿತ್ತು.

‘ಅತ್ತಿಗೆ.’

‘ಏನು?’

‘ಇದಕ್ಕೆ ಉಪ್ಪುಕಾಗದ ಹಾಕಿ ಉಜ್ಜಿದ್ದೀರಿ!’

‘ಯಾರು? ನಾನಾ? ಬೆಕ್ಕು ಮೈ ಉಜ್ಜಿರಬೇಕು.’

ಚೂಟಿ ನಗತೊಡಗಿದಳು. ಬಿಳಿಯಕ್ಕ ಸ್ವಲ್ಪ ಹೊತ್ತು ಬಿಗಿಯಾಗಿ ನಿಂತಿದ್ದು, ತಾನೂ ಸೋತಳು. ನಕ್ಕ ರಭಸಕ್ಕೆ ಮಣಿಗಳು ಎದ್ದು ಮೂವರ ಮೇಲೂ ಸುರಿದವು. ಅಣ್ಣ ಯಾಕೆಂದು ಗೊತ್ತಿಲ್ಲದೆಯೇ ನಕ್ಕ.

ಅಲೆಯ ಮೇಲೆ ಎರಡು ದಿನ ಕೆಲಸ ನಡೆಯಿತು. ಸಂದುಗಳಿಗೆ ಪುಟ್ಟಿ ಮೆತ್ತಿ, ಉಪ್ಪುಕಾಗದದಲ್ಲಿ ತಿಕ್ಕಿ, ಅಂಟಿನಲ್ಲಿ ಅದ್ದಿದ ತೆಳು ಬಟ್ಟೆ ಹೊದಿಸಿ ಒಣಗಿಸಿದರು. ಅಣ್ಣ ಕೊನೆಗೂ ತಿಳಿನೀಲಿಗೆ ಜಾಗ ಸಿಕ್ಕಿತೆಂದು ಹಿಗ್ಗಿ, ಬುಡದಲ್ಲಿ ಕಡುಹಸಿರು, ನೆತ್ತಿಯಲ್ಲಿ ನೊರೆ ಇಟ್ಟು ಬಣ್ಣ ತುಂಬಿದ. ಸೋಮವಾರದ ಮಾತನ್ನು ಯಾರೂ ಎತ್ತಲಿಲ್ಲ. ಮಾತು ಬಂದ ಮನೆಯಲ್ಲಿ ಆ ಒಂದು ಮಾತು ಮಾತ್ರ ಹೊಸ್ತಿಲಾಚೆ ನಿಂತಿತ್ತು.

ಭಾನುವಾರ ಪರದೆ ಸರಿಯಿತು. ದೀಪ ಬಿದ್ದು ಅಲೆ ಎದ್ದಾಗ ಮೊದಲ ಸಾಲಿನಲ್ಲಿ ಮಗಳ ಜೊತೆ ಕೂತಿದ್ದ ಒಬ್ಬರು ತಮಗೇ ಗೊತ್ತಿಲ್ಲದಂತೆ ಎರಡೂ ಕಾಲನ್ನು ನೆಲದಿಂದ ಮೇಲೆತ್ತಿಕೊಂಡರು. ಬೂಟು ಒದ್ದೆಯಾದೀತೆಂದು. ಪಕ್ಕದಲ್ಲಿದ್ದ ಬಿಳಿಯಕ್ಕ ಬಗ್ಗಿ ನೋಡಿದಳು: ಬೇಕರಿಯವನು.

ಆಟ ಮುಗಿದ ಮೇಲೆ ಅವನೇ ಬಂದ. ‘ಏನಮ್ಮ, ಸಮುದ್ರಾನೇ ನೆಟ್ಟಗೆ ನಿಲ್ಲಿಸಿದ್ದೀರಿ. ನನ್ನ ಬ್ರೆಡ್ಡು ಯಾವಾಗ?’

ಬಿಳಿಯಕ್ಕ ಚೂಟಿಯ ಕಡೆ ತಿರುಗಿದಳು.

‘ನಾಳೆ ಬೆಳಿಗ್ಗೆ ಕತ್ತರಿಸ್ತೀವಿ,’ ಎಂದಳು ಚೂಟಿ.

ಬೇಕರಿಯವನು ಹೋದ ಮೇಲೆ ಬಿಳಿಯಕ್ಕ ಕೆಮ್ಮಿ ಗಂಟಲು ಸರಿ ಮಾಡಿಕೊಂಡಳು. ‘ನಾಳೆ ನಿನಗೆ ಯಂತ್ರ ಇತ್ತಲ್ಲ?’

‘ಬರಲ್ಲ ಅಂತ ಆಗಲೇ ಹೇಳಿದ್ದೀನಿ. ಅಲ್ಲಿ ಬಟನ್ ಒತ್ತಿ ಕೈಕಟ್ಟಿ ಕೂರಬೇಕು. ಜಗಳ ಆಡೋಣ ಅಂದ್ರೆ ಯಂತ್ರ ಎದುರು ಮಾತಾಡಲ್ಲ.’ ಚೂಟಿ ಅತ್ತಿಗೆಯ ಹುಬ್ಬಿನಿಂದ ಒಂದು ಮಣಿ ಕಿತ್ತಳು. ‘ಆದ್ರೆ ಕೂಗೋದು ಇನ್ಮೇಲೆ ನಾನೇ.’

‘ದಿನಾನಾ?’

‘ದಿನಾ.’

‘ಸಣ್ಣ ಅಕ್ಷರಕ್ಕೂ?’

‘ಸಣ್ಣ ಅಕ್ಷರ ನೀವೊಬ್ಬರೇ ತಾನೆ ಕತ್ತರಿಸೋದು? ನಿಮಗೆ ನೀವೇ ಕೂಗ್ಕೊಳ್ಳಿ.’

ಬಿಳಿಯಕ್ಕ ಒಪ್ಪಂದಕ್ಕೆ ಇನ್ನೊಂದೆರಡು ತಿದ್ದುಪಡಿ ತರಲು ನೋಡಿದಳು. ಕೊನೆಗೆ, ‘ಹ್ಞೂಂ,’ ಎಂದಳು.

ಈಗ ಬೀದಿಗೆ ಸಂಖ್ಯೆಗಳು ಬರಿದಾಗಿ ಕೇಳಿಸುವುದಿಲ್ಲ. ಎಂಟಕ್ಕೂ ಒಂಬತ್ತಕ್ಕೂ ನಡುವೆ ನೆರೆಮನೆಯ ಸುದ್ದಿ ಅರ್ಧ ಮುಗಿದಿರುತ್ತದೆ. ತಿರುವಿನಲ್ಲಿ ‘ನಿಲ್ಲಿ ಅತ್ತಿಗೆ’ ಎಂದಾಗ ದರ್ಜಿಯೂ ಅಭ್ಯಾಸ ಬಲದಿಂದ ಹೊಲಿಗೆ ನಿಲ್ಲಿಸುತ್ತಾನೆ.

ಹೊಸ ಬ್ರೆಡ್ಡು ಬಣ್ಣಕ್ಕೆ ಮುಂಚೆ ಒಂದು ಮಧ್ಯಾಹ್ನ ಹಿತ್ತಲಲ್ಲಿ ಒಣಗುತ್ತಿತ್ತು. ಬೂದುಬಣ್ಣದ ಬೆಕ್ಕು ತನ್ನ ಹಾಸಿಗೆ ಮರಳಿ ಬಂತೆಂದು ಹಾರಿ ಹತ್ತಿತು. ನಡುವಿಗೆ ಹೋಗಿ, ಮೂಸಿ, ಸುರುಳಿ ಸುತ್ತಿ, ಮೈ ಚೆಲ್ಲಿತು, ಮತ್ತು ಗುಮ್ಮಟದ ಮೇಲಿಂದ ಬೆನ್ನಡಿಯಾಗಿ ಜಾರಿ ನೆಲಕ್ಕೆ ಬಿತ್ತು. ಎದ್ದು, ಬ್ರೆಡ್ಡನ್ನೊಮ್ಮೆ, ಕಿಟಕಿಯಲ್ಲಿ ನಿಂತು ನಗುತ್ತಿದ್ದ ಅತ್ತಿಗೆ ನಾದಿನಿಯರನ್ನೊಮ್ಮೆ ದುರುಗುಟ್ಟಿ ನೋಡಿ, ಬಾಲ ನೆಟ್ಟಗೆ ಮಾಡಿಕೊಂಡು ಹೊರಟುಹೋಯಿತು.